ಮಂದಪ್ರಕಾಶದ ಮಾಪನದಲ್ಲಿ ಗದ್ದಲವೂ ಭೂಸಂಪರ್ಕವೂ

ಅತ್ಯಲ್ಪವಾದ ಬೆಳಕನ್ನು ವಿದ್ಯುತ್ತಿನ ಮೂಲಕ ಅಳೆಯುವ ಉಪಕರಣಗಳಲ್ಲಿ, ಅಳೆಯಬೇಕಾದುದರೊಡನೆ ಅಳೆಯಬಾರದುದೂ ಕೂಡಿಕೊಂಡು ಬರುತ್ತದೆ. ಈ ಎರಡನೆಯದಕ್ಕೆ ಪಾಶ್ಚಾತ್ಯರು ಗದ್ದಲವೆಂಬರ್ಥದ ಹೆಸರನ್ನಿಟ್ಟಿರುವರು. ಕನ್ನಡದಲ್ಲಿ ಇದನ್ನು 'ಶಬ್ದ'ವೆಂದು ಬರೆಯುವುದುಂಟು. ಆದರೆ ಶಬ್ದವೆಂಬುದು ಶಾಸ್ತ್ರಗಳಲ್ಲಿ ಅರ್ಥವನ್ನು ಬೋಧಿಸತಕ್ಕುದು. ಇಲ್ಲಿಯದೋ ಅರ್ಥವನ್ನು ಮುಚ್ಚತಕ್ಕುದು. ಆದುದರಿಂದ 'ಗದ್ದಲ'ವೆಂಬ ಮನೆಮಾತೇ ಮೇಲು.

ಗದ್ದಲವನ್ನಡಗಿಸಿದುದರ ಫಲವೇನೆಂಬುದಕ್ಕೆ ನಕ್ಷತ್ರಗಳ ಕಾಂತಿಮಾಪನದ ಚರಿತ್ರೆಯೇ ಸಾಕ್ಷಿ. ಅಮೆರಿಕದ ಇಲಿನಾಯ್ ವಿಶ್ವವಿದ್ಯಾಲಯದಲ್ಲಿ ಜೋಯೆಲ್ ಸ್ಟೆಬ್ಬಿನ್ಸನು 1907ರಲ್ಲಿ ಸೆಲೀನಿಯಮ್ ಕೋಶದಿಂದ ಚಂದ್ರನ ಬೆಳಕನ್ನು ಅಳೆದನು. ಕೋಶವನ್ನು ತಂಪಾಗಿರಿಸಿದರೆ ಅದರ ಚಾಂಚಲ್ಯವು ಬಹಳವಾಗಿ ತಗ್ಗುವುದೆಂದು ಕಂಡುಕೊಂಡು, ಅದನ್ನು ಮಂಜುಗಡ್ಡೆಯಿಂದ ತಣಿಸಿ, ಆಲ್ಗಾಲ್ ನಕ್ಷತ್ರವನ್ನು ನೋಡಿದನು. ಸುಮಾರು 2 ದಿನ 21 ಗಂಟೆಗಳಿಗೊಮ್ಮೆ ಇದು ಕಂದುವುದೆಂಬುದು ಮೊದಲೇ ತಿಳಿದಿತ್ತು. ಎರಡು ಕಂದುವಿಕೆಗಳ ನಡುವೆ ಇನ್ನೊಂದು ಅತಿಸೂಕ್ಷ್ಮವಾದ ಕಂದುವಿಕೆಯಿದೆಯೆಂದು ಅವನು 1910ರಲ್ಲಿ ಪ್ರಕಟಿಸಿದನು. ಕಣ್ಣಿಗೆ ನಿಲುಕದಿದ್ದ ಈ ಸಂಗತಿಯನ್ನು ತೋರಿಸಿಕೊಟ್ಟುದು ಮಂಜುಗಡ್ಡೆಯೆಂದರೆ ಅತಿಶಯೋಕ್ತಿಯಾಗದು. ಮುಂದೆ ವಿಸ್ಕಾನ್ಸಿನ್‌ನಲ್ಲಿ ಆಲ್ಬರ್ಟ್ ವಿಟ್‌ಫೋರ್ಡನು 1932ರಲ್ಲಿ ದ್ಯುತಿಕೋಶವನ್ನೂ ವರ್ಧಕದ ಕವಾಟವನ್ನೂ ಗಾಳಿತೆಗೆದ ಪಾತ್ರೆಯೊಳಗಿಟ್ಟು, ಸುತ್ತಣ ವಾಯುವಿನ ಅಯಾನುಗಳಿಂದೊದಗುತ್ತಿದ್ದ ಗದ್ದಲವನ್ನು ನಿವಾರಿಸಿದನು.

ಆಯುರ್ವೇದದಲ್ಲಿ ರೋಗಗಳನ್ನು ನಿಜ, ಆಗಂತು ಎಂದು ವಿಂಗಡಿಸಿರುವಂತೆ ಗದ್ದಲವನ್ನೂ ವಿಂಗಡಿಸಬಹುದು. ನಿಜವಾದುದು ವಸ್ತುಸ್ವಭಾವದಿಂದಲೇ ಹುಟ್ಟುವುದು. ವಿದ್ಯುತ್ತು ಕಣಕಣವಾಗಿ ಹರಿಯುವುದರಿಂದ ಪ್ರವಾಹದಲ್ಲಿ ಏರಿಳಿತ ತಪ್ಪದೆಂದು ಷಾಟ್ಕಿಯು 1918ರಲ್ಲಿ ತೋರಿಸಿದನು. ಉಷ್ಣದಿಂದ ಪ್ರತಿಯೊಂದು ನಿರೋಧದಲ್ಲಿಯೂ ಗದ್ದಲವೇಳುವುದನ್ನು 1928ರಲ್ಲಿ ಜಾನ್ಸನನು ಅಳೆದು ಪ್ರಕಟಿಸಲು, ನೈಕ್ವಿಸ್ಟನು ಅದರ ಉಪಪತ್ತಿಯನ್ನು ಕೊಟ್ಟನು. ಈಗಿನ ಫೋಟೋಡಯೋಡಿನಿಂದ 1 ಪಿಕೋಆಂಪಿಯರ್, ಎಂದರೆ ಆಂಪಿಯರಿನ ಲಕ್ಷಕೋಟಿಯಲ್ಲೊಂದು ಭಾಗ, ಹರಿಯುವುದೆಂದಿಟ್ಟುಕೊಳ್ಳೋಣ. ವರ್ಧಕದಲ್ಲಿ 100 ಕೋಟಿ ಓಮಿನ ನಿರೋಧವಿದ್ದರೆ 1 ಮಿಲಿವೋಲ್ಟು ದೊರೆಯುವುದು. ಸಾಧಾರಣ ಉಷ್ಣತೆಯಲ್ಲಿ, 1 ಹರ್ಟ್ಸ್ ವ್ಯಾಪ್ತಿಯಲ್ಲಿ, ಆ ನಿರೋಧದ ಸ್ವಂತ ಗದ್ದಲವು ಸುಮಾರು 4 ಮೈಕ್ರೋವೋಲ್ಟು ಮಾತ್ರ. ಎಂದರೆ ಅಳೆಯಬೇಕಾದುದು ಅದರ 250 ಮಡಿ. ನಿಜದೋಷವು ಸಹ್ಯವೇ ಸರಿ.

ಕೆಡಿಸುವುದು ಆಗಂತುಕವಾದುದು, ಅದು ಹೆಚ್ಚಾಗಿ ಒಳಹೊಗುವ ಬಾಗಿಲು ಭೂಸಂಪರ್ಕ. ಮ್ಯೂನಿಕಿನ ಸ್ಟೈನ್‌ಹೈಲನು 1838ರಲ್ಲಿ ತಂತಿವಾರ್ತೆಯ ಪ್ರವಾಹವು ಮರಳುವುದಕ್ಕೆ ನೆಲವನ್ನೇ ದಾರಿಮಾಡಿದನು. ಅಂದಿನಿಂದ ಭೂಮಿಯೆಂಬ ಮಾತು ಎರಡರ್ಥವನ್ನು ಹೊತ್ತಿದೆ: ಪ್ರವಾಹವು ಮರಳುವ ದಾರಿಯೆಂದೊಂದು, ಎಲ್ಲ ಅಳತೆಗೂ ಶೂನ್ಯವೆನಿಸಿದ ಆಧಾರವೆಂದು ಮತ್ತೊಂದು. ಎರಡನ್ನೂ ಒಂದೇ ತಂತಿಗೆ ಹೊರಿಸಿದಲ್ಲಿಯೇ ಅನರ್ಥ. ಅದೆಂತೆಂದರೆ, ಉಪಕರಣದ ದೀಪಕ್ಕೆ ಹೋದ 10 ಮಿಲಿಆಂಪಿಯರ್ ಪ್ರವಾಹವು, ವರ್ಧಕವು ಶೂನ್ಯವೆಂದು ನಂಬಿದ ತಂತಿಯಲ್ಲಿಯೇ ಮರಳಲಿ. ಆ ತಂತಿಯ ನಿರೋಧವು ಓಮಿನ ಹತ್ತನೆಯ ಒಂದು ಭಾಗವಾದರೂ ಅಲ್ಲಿ 1 ಮಿಲಿವೋಲ್ಟು ಏಳುವುದು. ಎಂದರೆ ಅಳೆಯಬೇಕಾದ ಬೆಳಕಿನಷ್ಟೇ! ಶೂನ್ಯವೇ ಅಲುಗಿದ ಮೇಲೆ ಅಳತೆಗೆ ನೆಲೆಯೆಲ್ಲಿ?

ಆದಕಾರಣ ಮರಳುವ ದಾರಿಗಳನ್ನು ಬೇರೆಬೇರೆಯಾಗಿ ತಂದು ಒಂದೇ ಬಿಂದುವಿನಲ್ಲಿ ಕೂಡಿಸುವುದು ಸಂಪ್ರದಾಯ. ಎರಡು ಕಡೆ ಭೂಮಿಗೆ ಕೂಡಿಸಿದರೆ ತಂತಿಯು ಬಳೆಯಂತಾಗಿ, ಸುತ್ತಣ 50 ಹರ್ಟ್ಸ್ ವಿದ್ಯುತ್ತಿನ ಕಾಂತಕ್ಷೇತ್ರವು ಅದರಲ್ಲಿ ಪ್ರವಾಹವನ್ನೆಬ್ಬಿಸುವುದು. ಲೋಹದ ಹೊದಿಕೆಯ ಗುಣವನ್ನು ಫ್ಯಾರಡೆಯು 1836ರಲ್ಲಿಯೇ ತನ್ನ ದೊಡ್ಡ ಪಂಜರದಿಂದ ತೋರಿಸಿದ್ದನು. ಮಂದಗತಿಯ ಸಂಕೇತಗಳಲ್ಲಿ ಆ ಹೊದಿಕೆಯನ್ನು ಸಾಮಾನ್ಯವಾಗಿ ಒಂದೇ ತುದಿಯಲ್ಲಿ ಭೂಮಿಗೆ ಕೂಡಿಸುವರು. ರೇಡಿಯೋ ಅಲೆಗಳ ವಿಷಯದಲ್ಲಿ ಈ ನಿಯಮ ಸಲ್ಲದು. ಕೆಲವರು ಗದ್ದಲಕ್ಕೆ ಬೇಸತ್ತು ರಕ್ಷಣೆಗಾಗಿರುವ ಭೂಸಂಪರ್ಕವನ್ನೇ ಕಿತ್ತಿಡುವರು. ಇದು ಚಿಕಿತ್ಸೆಯಲ್ಲ, ಪ್ರಾಣಾಪಾಯ.

ಕೊಳೆಯೂ ತೇವವೂ ಉಪೇಕ್ಷಣೀಯವಲ್ಲ. ಲಕ್ಷಕೋಟಿ ಓಮಿನ ಅವಾಹಕದ ಮೂಲಕವೂ 1 ವೋಲ್ಟು 1 ಪಿಕೋಆಂಪಿಯರನ್ನು ಸೋರಿಸುವುದು. ಬೆರಳಚ್ಚಿನ ಜಿಡ್ಡು ಆ ನಿರೋಧವನ್ನು ಇನ್ನೂ ತಗ್ಗಿಸುವುದು.

ದೋಷವು ಯಾವ ವರ್ಗದ್ದೆಂದು ತಿಳಿಯುವ ಉಪಾಯ ಸುಲಭ. ಮೊದಲು ಕೋಶಕ್ಕೆ ಬೆಳಕು ಬೀಳದಂತೆ ಮುಚ್ಚಬೇಕು. ಆಗಲೂ 50ರ ಅಥವಾ 100ರ ಲಯದಲ್ಲಿ ಏರಿಳಿತವು ಉಳಿದರೆ ಅದು ತಂತಿಗಳಿಂದ ಬಂದುದು. ಮುಚ್ಚಿದೊಡನೆ ಅಡಗಿದರೆ ಕೋಣೆಯ ದೀಪದ ಮಿಡಿತ. ಲಯವೇ ಇಲ್ಲದ, ತಂತಿಗಳನ್ನು ಸರಿಸಿದರೂ ಕದಲದ ಏರಿಳಿತವಾದರೆ, ಸ್ಟೆಬ್ಬಿನ್ಸನಂತೆ ತಂಪನ್ನು ಆಶ್ರಯಿಸಬೇಕು, ಇಲ್ಲವೇ ಹೆಚ್ಚು ಹೊತ್ತು ಅಳೆದು ಸರಾಸರಿಯನ್ನು ತೆಗೆಯಬೇಕು.