ಗೋಡೆಯ ಕಥೆ ಕಾಯುವವರು

ನಮ್ಮ ಹೇಮಗಿರಿಯಿಂದ ಕೃಷ್ಣರಾಜಪೇಟೆಯ ಕಡೆ ಹೊರಟರೆ ಹೊಸಹೊಳಲು ದೂರವೇನಲ್ಲ. ಅಲ್ಲಿಯ ಲಕ್ಷ್ಮೀನಾರಾಯಣ ದೇವಾಲಯ 13ನೇ ಶತಮಾನದ್ದು, ಹೊಯ್ಸಳರ ಕಾಲದ್ದು. ಗುಡಿಯನ್ನು ಒಂದು ಸುತ್ತು ಬನ್ನಿ. ಗೋಡೆಯ ಬುಡದಲ್ಲಿ ಆನೆಗಳ ಸಾಲು, ಕುದುರೆಗಳ ಸಾಲು, ಬಳ್ಳಿಗಳ ಸಾಲು. ಜೊತೆಗೆ ರಾಮಾಯಣ, ಮಹಾಭಾರತದ ಕಥೆಗಳು. ಅಕ್ಷರ ಬಾರದ ಅಜ್ಜಿಯೂ ಮೊಮ್ಮಗುವಿನ ಕೈ ಹಿಡಿದು ಈ ಗೋಡೆಯನ್ನು ಓದಿ ಹೇಳಬಲ್ಲಳು.

ಕ್ರೈಸ್ತರ ಇಗರ್ಜಿಗಳಲ್ಲೂ ಗೋಡೆಯೇ ಪುಸ್ತಕ. ನಮ್ಮ ರಾಜ್ಯದಲ್ಲಿ ಅಂಥದೊಂದು ದೊಡ್ಡ ಪುಸ್ತಕ ಮಂಗಳೂರಿನಲ್ಲಿದೆ. ಅದು ಸಂತ ಅಲೋಶಿಯಸ್ ಕಾಲೇಜಿನ ಪ್ರಾರ್ಥನಾ ಮಂದಿರ. ನಾನು ಅದರೊಳಗೆ ಮೊದಲ ಸಲ ಕಾಲಿಟ್ಟಾಗ ಕತ್ತು ನೋಯುವವರೆಗೂ ಮೇಲೆ ನೋಡುತ್ತಾ ನಿಂತಿದ್ದೆ. ಚಾವಣಿಯಲ್ಲಿ, ಗೋಡೆಯಲ್ಲಿ, ಕಮಾನಿನಲ್ಲಿ, ಎಲ್ಲಿ ನೋಡಿದರೂ ಚಿತ್ರ.

ಬರೆದವರು ಯಾರು? ಇಟಲಿಯ ಅಂತೋನಿಯೊ ಮೊಸ್ಕೇನಿ. 1854ರಲ್ಲಿ ಬೆರ್ಗಾಮೊ ಪಟ್ಟಣದ ಹತ್ತಿರದ ಸ್ತೆತ್ಸಾನೊ ಎಂಬ ಊರಿನಲ್ಲಿ ಹುಟ್ಟಿದವರು. ಬೆರ್ಗಾಮೊದ ಕರ್ರಾರ ಕಲಾಶಾಲೆಯಲ್ಲಿ ಕಲಿತು, ಇಗರ್ಜಿಗಳಲ್ಲಿ ಚಿತ್ರ ಬರೆದು ಹೆಸರು ಮಾಡಿದ್ದರು. 1889ರಲ್ಲಿ ಎಲ್ಲ ಬಿಟ್ಟು ಯೇಸುಸಭೆಗೆ ಸೇರಿದರು. ಆದರೆ ಕುಂಚ ಅವರನ್ನು ಬಿಡಲಿಲ್ಲ. ಆ ಶತಮಾನ ಮುಗಿಯುವ ಹೊತ್ತಿಗೆ ಮಂಗಳೂರಿಗೆ ಬಂದು, ಎರಡು ವರ್ಷಗಳ ಆಸುಪಾಸಿನಲ್ಲಿ ಇಡೀ ಮಂದಿರವನ್ನು ಚಿತ್ರಗಳಿಂದ ತುಂಬಿದರು. ಆಮೇಲೆ ಕೇರಳದ ಇಗರ್ಜಿಗಳಲ್ಲಿ ದುಡಿದರು. ಕೊಚ್ಚಿಯ ಸಾಂತಾ ಕ್ರೂಸ್ ಇಗರ್ಜಿಯ ಪ್ರತಿಷ್ಠಾಪನೆ 1905ರ ನವೆಂಬರ್ 19ರಂದು ನಡೆಯಿತು. ಅಲ್ಲಿ ಚಿತ್ರ ಬರೆದ ಮೊಸ್ಕೇನಿ ಅದಕ್ಕೆ ನಾಲ್ಕು ದಿನ ಮೊದಲು ತೀರಿಕೊಂಡಿದ್ದರು. ಆಗ ಅವರಿಗೆ ವಯಸ್ಸು 51.

ಚಿತ್ರ ಬರೆದವರ ಕಥೆ ಇಲ್ಲಿಗೆ ಮುಗಿಯಿತು. ಅದನ್ನು ಓದುವವರ, ಕಾಯುವವರ ಕಥೆ ಇಲ್ಲಿಂದ ಶುರು. ಓದಿ ಅರ್ಥ ಹೇಳುವವರನ್ನು ಕಲಾ ಇತಿಹಾಸಕಾರರು ಎನ್ನುತ್ತಾರೆ. ಜೋಪಾನ ಮಾಡುವವರನ್ನು ಕ್ಯುರೇಟರ್ ಎನ್ನುತ್ತಾರೆ. ಎಷ್ಟೋ ಕಡೆ ಎರಡೂ ಕೆಲಸ ಒಬ್ಬರದೇ.

ಮಕ್ಕಳೇ, ಚಿತ್ರ ಓದುವುದಕ್ಕೂ ಒಂದು ಅಕ್ಷರಮಾಲೆ ಇದೆ. ಹೊಯ್ಸಳರ ಗುಡಿಯಲ್ಲಿ ನಿಂತ ವಿಷ್ಣುವಿನ ನಾಲ್ಕು ಕೈಗಳಲ್ಲಿ ಶಂಖ, ಚಕ್ರ, ಗದೆ, ಪದ್ಮ ಇರುತ್ತವೆ. ಯಾವುದು ಯಾವ ಕೈಯಲ್ಲಿದೆ ಎಂದು ನೋಡಿಯೇ ಬಲ್ಲವರು ಇದು ಕೇಶವ, ಇದು ಮಾಧವ ಎಂದು 24 ರೂಪಗಳನ್ನು ಗುರುತಿಸುತ್ತಾರೆ. ಇಗರ್ಜಿಯಲ್ಲೂ ಹಾಗೆಯೇ. ಕೈಯಲ್ಲಿ ಬೀಗದ ಕೈ ಇದ್ದರೆ ಸಂತ ಪೇತ್ರ, ಕತ್ತಿ ಇದ್ದರೆ ಸಂತ ಪೌಲ. ಬಿಳಿ ಲಿಲ್ಲಿ ಹೂವು ಹಿಡಿದ, ಪಕ್ಕಕ್ಕೆ ಸರಿಸಿಟ್ಟ ಕಿರೀಟವಿರುವ ಹುಡುಗನಾದರೆ ಅಲೋಶಿಯಸ್ ಗೊನ್ಸಾಗ. 1568ರಲ್ಲಿ ಸಿರಿವಂತ ಪಾಳೆಯಗಾರರ ಮನೆಯ ಹಿರಿಮಗನಾಗಿ ಹುಟ್ಟಿ, ತನ್ನ ಹಕ್ಕನ್ನು ತಮ್ಮನಿಗೆ ಬಿಟ್ಟುಕೊಟ್ಟವನು ಆತ. ರೋಮ್ ನಗರಕ್ಕೆ ಸಾಂಕ್ರಾಮಿಕ ರೋಗ ಬಡಿದಾಗ ರೋಗಿಗಳ ಸೇವೆಗೆ ನಿಂತು, 1591ರಲ್ಲಿ 23ರ ವಯಸ್ಸಿಗೇ ಪ್ರಾಣ ಬಿಟ್ಟ. ಮಂಗಳೂರಿನ ಚಾವಣಿಯ ನಡುವಿನ ಚಿತ್ರಗಳು ಹೇಳುವುದು ಇವನ ಕಥೆಯನ್ನೇ.

ಇನ್ನು ಕಾಯುವ ಕೆಲಸ. ಈ ಮಂದಿರದ ಚಾವಣಿಯ ಚಿತ್ರಗಳನ್ನು ಕ್ಯಾನ್ವಾಸ್ ಬಟ್ಟೆಯ ಮೇಲೆ ಎಣ್ಣೆಬಣ್ಣದಲ್ಲಿ ಬರೆಯಲಾಗಿದೆ. ಗೋಡೆಯವು ಫ್ರೆಸ್ಕೊ, ಅಂದರೆ ಗಾರೆಯ ಮೇಲಿನ ಚಿತ್ರಗಳು. ಫ್ರೆಸ್ಕೊಗೆ ಸುಣ್ಣದ ಗಾರೆ ಹಸಿಯಾಗಿರುವಾಗಲೇ ನೀರಿನಲ್ಲಿ ಕಲಸಿದ ಬಣ್ಣ ಹಚ್ಚಬೇಕು. ಗಾರೆ ಒಣಗುತ್ತಾ ಗಾಳಿಯಲ್ಲಿರುವ ಇಂಗಾಲದ ಡೈಆಕ್ಸೈಡ್ ಹೀರಿಕೊಂಡು ಕಲ್ಲಿನಂತಾಗುತ್ತದೆ. ಬಣ್ಣ ಅದರೊಳಗೇ ಸೆರೆಯಾಗುತ್ತದೆ. ಆದ್ದರಿಂದ ಒಂದು ದಿನಕ್ಕೆ ಬರೆದು ಮುಗಿಸುವಷ್ಟೇ ಜಾಗಕ್ಕೆ ಗಾರೆ ಬಳಿಯುತ್ತಾರೆ.

ಇಷ್ಟು ಗಟ್ಟಿಯಾದ ಚಿತ್ರಕ್ಕೂ ವೈರಿಗಳಿದ್ದಾರೆ. ಮಂಗಳೂರಿನಲ್ಲಿ ವರ್ಷಕ್ಕೆ 3,000 ಮಿಲಿಮೀಟರಿಗೂ ಹೆಚ್ಚು ಮಳೆ. ಗೋಡೆ ತೇವ ಕುಡಿದರೆ ಒಳಗಿನ ಉಪ್ಪು ಮೇಲೆ ಬಂದು ಬಣ್ಣವನ್ನು ಹಪ್ಪಳದಂತೆ ಎಬ್ಬಿಸುತ್ತದೆ. ಬೂಷ್ಟು ಹಿಡಿಯುತ್ತದೆ. ಮೇಣದ ಬತ್ತಿಯ ಹೊಗೆ, ದೂಳು ಬೇರೆ. ಮೊಸ್ಕೇನಿಯ ಚಿತ್ರಗಳು ಹೀಗೆ ಮಸುಕಾಗಿದ್ದಾಗ, 1990ರ ದಶಕದ ಮೊದಲ ವರ್ಷಗಳಲ್ಲಿ, ಇಂಟ್ಯಾಕ್ ಸಂಸ್ಥೆಯ ಲಖನೌ ಕೇಂದ್ರದ ತಜ್ಞರು ಬಂದು ಅವನ್ನು ಸರಿಪಡಿಸಿದರು.

ಸರಿಪಡಿಸುವುದು ಎಂದರೆ ಮತ್ತೆ ಬರೆಯುವುದಲ್ಲ. ಈ ಕಸುಬಿನ ಮೊದಲ ಪಾಠವೇ ಅದು. ಮೊದಲು ಇದ್ದದ್ದನ್ನು ಇದ್ದಂತೆ ಫೋಟೊ ತೆಗೆದು ಬರೆದಿಡಬೇಕು. ನೀರು ಎಲ್ಲಿಂದ ಇಳಿಯುತ್ತಿದೆ ಎಂದು ಹುಡುಕಿ ಅದನ್ನು ನಿಲ್ಲಿಸಬೇಕು. ಮೆತ್ತನೆಯ ಕುಂಚದಿಂದ, ಹತ್ತಿಯಿಂದ ಅಂಗುಲ ಅಂಗುಲವಾಗಿ ಕೊಳೆ ತೆಗೆಯಬೇಕು. ಬಣ್ಣ ಪೂರ್ತಿ ಉದುರಿದ ಕಡೆ ಮಾತ್ರ ಹೊಸದನ್ನು ತುಂಬಬೇಕು. ಅದೂ ಮುಂದೆ ಬೇಕೆಂದಾಗ ತೆಗೆಯಲು ಬರುವಂಥ ಬಣ್ಣವಾಗಿರಬೇಕು. ಕೆಲಸ ಚೆನ್ನಾಗಿ ಆದರೆ ನೋಡುವವರಿಗೆ ಮೊಸ್ಕೇನಿ ಕಾಣಬೇಕು, ತಜ್ಞರು ಕಾಣಬಾರದು.

ಹಾಗೆ ಮಾಡದಿದ್ದರೆ ಏನಾಗುತ್ತದೆ ಎಂದು ತಿಳಿಯಲು ನಮ್ಮ ಶ್ರೀರಂಗಪಟ್ಟಣದ ದರಿಯಾ ದೌಲತ್‌ಗೆ ಹೋಗಬೇಕು. ಟಿಪ್ಪು ಸುಲ್ತಾನ್ 1784ರಲ್ಲಿ ಕಟ್ಟಿಸಿದ ಈ ಅರಮನೆಯ ಗೋಡೆಯ ಮೇಲೆ 1780ರ ಪೊಳ್ಳಿಲೂರು ಯುದ್ಧದ ಚಿತ್ರವಿದೆ. ಸೋತ ಇಂಗ್ಲಿಷ್ ಸೇನಾನಿ ಬೈಲಿ ಪಲ್ಲಕ್ಕಿಯಲ್ಲಿ ಕುಳಿತು ಬೆರಳು ಕಚ್ಚುತ್ತಿದ್ದಾನೆ. ಟಿಪ್ಪುವಿನ ನಂತರ ಆ ಚಿತ್ರಗಳ ಮೇಲೆ ಸುಣ್ಣ ಬಿತ್ತು. 19ನೇ ಶತಮಾನದ ನಡುವಿನಲ್ಲಿ ಲಾರ್ಡ್ ಡಾಲ್‌ಹೌಸಿ ಹೇಳಿದ ಮೇಲೆ, ಹಳೆಯದನ್ನು ನೋಡಿ ನೆನಪಿಟ್ಟುಕೊಂಡಿದ್ದ ಕಲಾವಿದನೊಬ್ಬನಿಂದ ಮತ್ತೆ ಬರೆಸಿದರು. ಅವನ ನೆನಪಿಗೆ ನಾವು ಕೈ ಮುಗಿಯಬೇಕು. ಆದರೂ ಇಂದು ನಮ್ಮ ಕಣ್ಣಿಗೆ ಬೀಳುವ ಎಷ್ಟು ಗೆರೆಗಳು ಟಿಪ್ಪುವಿನ ಕಾಲದ ಚಿತ್ರಗಾರರದು, ಎಷ್ಟು ಈ ನೆನಪಿನದು? ಸುಣ್ಣ ಬಳಿದ ಕೈಗೆ ಹಿಡಿದದ್ದು ಕೆಲವೇ ದಿನ. ಕಳೆದದ್ದು ಮತ್ತೆ ಬರಲಿಲ್ಲ.

ಇದು ಹಳೆಯ ಕಾಲದ ಮಾತು ಎಂದುಕೊಳ್ಳಬೇಡಿ. ನಮ್ಮ ಸೀಮೆಯ ಹಳ್ಳಿಗಳಲ್ಲಿ ನಾನೇ ಕಂಡಿದ್ದೇನೆ. ಜೀರ್ಣೋದ್ಧಾರ ಎಂದು ಭಕ್ತಿಯಿಂದಲೇ ಹಣ ಕೂಡಿಸುತ್ತಾರೆ. ಕಲ್ಲಿನ ಕಂಬಕ್ಕೆ ಮಿರಮಿರ ಮಿಂಚುವ ಆಯಿಲ್ ಪೇಂಟ್ ಹೊಡೆಸುತ್ತಾರೆ, ಹಳೆಯ ಗಾರೆ ಕೆಡವಿ ಟೈಲ್ಸ್ ಹಾಕಿಸುತ್ತಾರೆ. ಯಾರ ಮನಸ್ಸಿನಲ್ಲೂ ಕೆಟ್ಟದ್ದಿಲ್ಲ. ಆದರೆ ಆ ಬಣ್ಣದಡಿಯ ಉಳಿಯ ಗುರುತು, ಶಾಸನದ ಅಕ್ಷರ ಮುಚ್ಚಿಹೋದವು. ಗಾರೆಯ ಜೊತೆಗೆ ಹೋದ ಚಿತ್ರವಂತೂ ಹೋಯಿತು.

ಕಾಯುವ ಕೆಲಸಕ್ಕೆ ದೊಡ್ಡ ಪದವಿಯೇ ಬೇಕೆಂದಿಲ್ಲ. ಮಂಗಳೂರಿನ ಅದೇ ಕಾಲೇಜಿನ ವಸ್ತುಸಂಗ್ರಹಾಲಯ 1913ರಲ್ಲಿ ಶುರುವಾದದ್ದು, ಅಲ್ಲಿ ಕಲಿಸುತ್ತಿದ್ದ ಕಿಯಾಪ್ಪಿ ಎಂಬ ಇಟಲಿಯ ಪಾದ್ರಿ ಕೂಡಿಟ್ಟ ವಸ್ತುಗಳಿಂದ. ವಸ್ತು ಯಾವುದು, ಎಲ್ಲಿಂದ ಬಂತು, ಯಾರು ಕೊಟ್ಟರು ಎಂದು ನಂಬರು ಹಾಕಿ ಬರೆದಿಡುವುದೇ ಕ್ಯುರೇಟರ್ ಕೆಲಸದ ಮೊದಲ ಮೆಟ್ಟಿಲು. ಇಷ್ಟನ್ನು ಏಳನೇ ಕ್ಲಾಸಿನ ಹುಡುಗಿಯೂ ಮಾಡಬಹುದು.

ಆದ್ದರಿಂದ ಈ ರಜೆಯಲ್ಲಿ ಅಜ್ಜ ಅಜ್ಜಿಯರಿಗೂ ಮೊಮ್ಮಕ್ಕಳಿಗೂ ಒಂದು ಕೆಲಸ. ನಿಮ್ಮೂರಿನ ಗುಡಿ, ಇಗರ್ಜಿ, ದರ್ಗಾ, ಬಸದಿ, ಯಾವುದಾದರೂ ಒಂದಕ್ಕೆ ಜೊತೆಯಾಗಿ ಹೋಗಿ. ಹಿರಿಯರು ಕಥೆ ಹೇಳಲಿ, ಕಿರಿಯರು ಫೋಟೊ ತೆಗೆದು ನೋಟ್‌ಬುಕ್ಕಿನಲ್ಲಿ ಬರೆದುಕೊಳ್ಳಲಿ: ಇದು ಯಾರ ಮೂರ್ತಿ, ಕೈಯಲ್ಲಿ ಏನಿದೆ, ಎಲ್ಲಿ ಬಿರುಕು ಬಿಟ್ಟಿದೆ, ಮಳೆನೀರು ಎಲ್ಲಿಂದ ಇಳಿಯುತ್ತಿದೆ. ಬಣ್ಣದ ಡಬ್ಬಿ ತರುವ ಮಾತು ಬಂದ ದಿನ ಆ ನೋಟ್‌ಬುಕ್ಕನ್ನು ಊರ ಹಿರಿಯರ ಮುಂದೆ ಇಡಿ.