ಅಲಗನ್ನು ತಿನ್ನುವ ಹಿಡಿ

ಹಳೆಯ ಅಮೆರಿಕನ್ ಜೇಬುಚಾಕುಗಳನ್ನು ಕೂಡಿಡುವವರಿಗೆ ಇಂದಲ್ಲ ನಾಳೆ ಒಂದು ತಲೆನೋವು ಎದುರಾಗುತ್ತದೆ. 1920ರ ದಶಕದ ಒಂದು ಚಾಕು. ಬಣ್ಣದ ಗೆರೆಗಳ ಹಿಡಿ, ಹೆಚ್ಚು ಬಳಸದ ಅಲಗು. ತೆಳುವಾಗಿ ಎಣ್ಣೆ ಸವರಿ ಒಣ ಪೆಟ್ಟಿಗೆಯಲ್ಲಿ ಜೋಪಾನವಾಗಿ ಇಟ್ಟದ್ದು. ಕೆಲವು ವರ್ಷ ಕಳೆದು ತೆರೆದರೆ ಅಲಗಿಗೆ ತುಕ್ಕು, ಹಿತ್ತಾಳೆಯ ಮೊಳೆಗಳ ಸುತ್ತ ಹಸಿರು ಕಿಲುಬು. ಪಕ್ಕದಲ್ಲಿದ್ದ ಮೂಳೆಹಿಡಿಯ ಚಾಕುವಿಗೂ ತುಕ್ಕು ತಗಲಿದೆ, ದೂರದ ಮೂಲೆಯಲ್ಲಿದ್ದವು ಮಾತ್ರ ಚೆನ್ನಾಗಿವೆ. ಪೆಟ್ಟಿಗೆಗೆ ನೀರು ಹೋಗಿಲ್ಲ, ಎಣ್ಣೆಯಲ್ಲೂ ದೋಷವಿಲ್ಲ. ತಪ್ಪು ಆ ಚಂದದ ಹಿಡಿಯದು. ಇಷ್ಟು ವರ್ಷವೂ ಅದು ಗಾಳಿಗೆ ಆಮ್ಲವನ್ನು ಬಿಡುತ್ತಲೇ ಇತ್ತು.

ಅಂಗೈಯಲ್ಲಿ ಅಡಗುವ ಒಂದು ಚಾಕುವಿನಲ್ಲಿ ಉಕ್ಕಿದೆ, ಹಿತ್ತಾಳೆಯಿದೆ, ನಿಕಲ್ ಸಿಲ್ವರ್ ಇದೆ. ಜೊತೆಗೆ ಮೂಳೆಯೋ ಕೊಂಬೋ ಚಿಪ್ಪೋ ಪ್ಲಾಸ್ಟಿಕ್ಕೋ ಇದೆ. ಇವೆಲ್ಲ ನಾಲ್ಕೈದು ಮೊಳೆಗಳ ಆಸರೆಯಲ್ಲಿ ನೂರು ವರ್ಷ ಒಟ್ಟಿಗೆ ಬಾಳಬೇಕು. ಆದರೆ ಒಂದೊಂದಕ್ಕೂ ಮುಪ್ಪು ಬರುವ ದಾರಿ ಬೇರೆ. ಆ ಮುಪ್ಪನ್ನು ಓದಲು ಕಲಿಯುವುದೇ ಈ ಹವ್ಯಾಸದ ಅತಿ ದೊಡ್ಡ ಸುಖ ಎಂದು ನನ್ನ ನಂಬಿಕೆ.

19ನೇ ಶತಮಾನದ ಬಹುಪಾಲು ಅಮೆರಿಕನ್ನರ ಜೇಬಿನಲ್ಲಿದ್ದದ್ದು ಇಂಗ್ಲೆಂಡಿನ ಶೆಫೀಲ್ಡ್ ಚಾಕು. ಅಲ್ಲಿನ ತಯಾರಕ ಜಾರ್ಜ್ ವೋಸ್ಟೆನ್‌ಹೋಮ್ ಅಮೆರಿಕದ ಗಿರಾಕಿಗಳನ್ನು ಎಷ್ಟು ನೆಚ್ಚಿಕೊಂಡಿದ್ದನೆಂದರೆ, ಶೆಫೀಲ್ಡ್‌ನ ತನ್ನ ಕಾರ್ಖಾನೆಗೆ ವಾಷಿಂಗ್ಟನ್ ವರ್ಕ್ಸ್ ಎಂದು ಹೆಸರಿಟ್ಟಿದ್ದ. ಈ ಹಿಡಿತದ ನಡುವೆಯೇ 1844ರಲ್ಲಿ ಕನೆಕ್ಟಿಕಟ್‌ನ ಲೇಕ್‌ವಿಲ್‌ನಲ್ಲಿ ಅಲೆಗ್ಸಾಂಡರ್ ಹ್ಯಾಮಿಲ್ಟನ್ ಹಾಲಿ ಜೇಬುಚಾಕುಗಳ ಕಾರ್ಖಾನೆ ತೆರೆದ. ಅಮೆರಿಕದ ಈ ಬಗೆಯ ಮೊದಲ ಕಾರ್ಖಾನೆಗಳಲ್ಲಿ ಅದೂ ಒಂದು. ಹಾಲಿ ಮುಂದೆ ಆ ರಾಜ್ಯದ ಗವರ್ನರ್ ಆದ. ಅವನ ಮಗ ಅಲೆಗ್ಸಾಂಡರ್ ಲೈಮನ್ ಹಾಲಿ ಉಕ್ಕನ್ನು ಟನ್‌ಗಟ್ಟಲೆ ತಯಾರಿಸುವ ಬೆಸೆಮರ್ ವಿಧಾನವನ್ನು ಅಮೆರಿಕಕ್ಕೆ ತಂದು ನೆಲೆಯೂರಿಸಿದ ಎಂಜಿನಿಯರ್. ಆ ದೇಶದ ರೈಲು ಹಳಿಗಳ ಚರಿತ್ರೆ ಒಂದು ಚಾಕು ತಯಾರಕನ ಮನೆಯನ್ನು ಹೀಗೆ ಹಾದುಹೋಗುತ್ತದೆ.

1852ರಲ್ಲಿ ಶೆಫೀಲ್ಡ್‌ನಿಂದ ವಲಸೆ ಬಂದ ಕುಶಲಕರ್ಮಿಗಳು ನ್ಯೂಯಾರ್ಕ್ ನೈಫ್ ಕಂಪನಿಯನ್ನು ಕಟ್ಟಿದರು. 1856ರಲ್ಲಿ ಅದು ವಾಲ್‌ಕಿಲ್ ನದಿಯ ನೀರಿನ ಬಲವನ್ನು ನಂಬಿ ವಾಲ್ಡನ್ ಊರಿಗೆ ಬಂತು. ಮುಂದೆ ವಾಲ್ಡನ್ ನೈಫ್ ಕಂಪನಿ, 1904ರಲ್ಲಿ ಶ್ರೇಡ್ ಕೂಡ ಅಲ್ಲೇ ಹುಟ್ಟಿ, ಇಡೀ ಊರೇ ಚಾಕುಗಳ ಊರಾಯಿತು. ನ್ಯೂಯಾರ್ಕ್ ನೈಫ್‌ನ ಅಧ್ಯಕ್ಷನಾಗಿದ್ದ ಥಾಮಸ್ ಬ್ರಾಡ್ಲಿ ಅಂತರ್ಯುದ್ಧದಲ್ಲಿ ಗುಂಡಿನ ಮಳೆಯ ನಡುವೆ ಮದ್ದುಗುಂಡು ಹೊತ್ತು ತಂದದ್ದಕ್ಕೆ ಮೆಡಲ್ ಆಫ್ ಆನರ್ ಪಡೆದವನು. 1903ರಿಂದ ಹತ್ತು ವರ್ಷ ಅಮೆರಿಕದ ಸಂಸತ್ತಿನಲ್ಲೂ ಕುಳಿತ. ಆದರೂ ಶೆಫೀಲ್ಡ್‌ಗೆ ನಿಜವಾದ ಪೆಟ್ಟು ಕೊಟ್ಟದ್ದು ಕುಲುಮೆಯಲ್ಲ, ಸುಂಕ. 1890ರ ಮೆಕಿನ್ಲೆ ಕಾಯ್ದೆ ಆಮದು ಚಾಕುಗಳ ಮೇಲಿನ ತೆರಿಗೆಯನ್ನು ಏರಿಸಿತು. ಹೊರಗಿನಿಂದ ಬಂದ ಸರಕಿನ ಮೇಲೆ ತಯಾರಾದ ದೇಶದ ಹೆಸರಿರಬೇಕು ಎಂಬ ನಿಯಮ 1891ರಲ್ಲಿ ಜಾರಿಗೆ ಬಂತು. ಹಾಗಾಗಿ ಶೆಫೀಲ್ಡ್ ಚಾಕುವಿನ ಅಲಗಿನ ಬುಡದಲ್ಲಿ 'ಇಂಗ್ಲೆಂಡ್' ಎಂದು ಕೊರೆದಿದ್ದರೆ ಅದು ಸಾಮಾನ್ಯವಾಗಿ 1891ರ ನಂತರದ್ದು. ತೆರಿಗೆಯವರಿಗಾಗಿ ಹಾಕಿದ ಆ ಗುರುತು ಇಂದು ಸಂಗ್ರಾಹಕರಿಗೆ ಕ್ಯಾಲೆಂಡರ್ ಆಗಿದೆ.

ಇನ್ನು ಅಲಗು. ಆ ಕಾಲದ ಒಳ್ಳೆಯ ಚಾಕುಗಳೆಲ್ಲ ಮೂಸೆ ಉಕ್ಕಿನವು. ಗಡಿಯಾರ ತಯಾರಕ ಬೆಂಜಮಿನ್ ಹಂಟ್ಸ್‌ಮನ್ 1740ರ ದಶಕದಲ್ಲಿ ಶೆಫೀಲ್ಡ್ ಬಳಿ ಮಣ್ಣಿನ ಮೂಸೆಯಲ್ಲಿ ಉಕ್ಕನ್ನು ಪೂರ್ತಿ ಕರಗಿಸುವ ದಾರಿ ಕಂಡುಕೊಂಡ. ಕರಗಿದ ಉಕ್ಕಿನಲ್ಲಿ ಕಿಟ್ಟ ಮೇಲೆ ತೇಲುತ್ತದೆ, ಇಂಗಾಲ ಸಮನಾಗಿ ಹರಡುತ್ತದೆ. ದಕ್ಷಿಣ ಭಾರತದ ಕಮ್ಮಾರರು ಅದಕ್ಕಿಂತ ಬಹಳ ಹಿಂದಿನಿಂದಲೂ ಮೂಸೆಯಲ್ಲಿ ಉಕ್ಕು ತೆಗೆಯುತ್ತಿದ್ದರು. ಮೈಸೂರು ಸೀಮೆಯಲ್ಲಿ ನಡೆಯುತ್ತಿದ್ದ ಆ ಕೆಲಸವನ್ನು ಫ್ರಾನ್ಸಿಸ್ ಬುಕಾನನ್ 1800ರ ಸುಮಾರಿಗೆ ಕಂಡು ಬರೆದಿಟ್ಟಿದ್ದಾನೆ. ಅದಕ್ಕೂ ಮೊದಲೇ ಭಾರತದ ಉಕ್ಕಿನ ಮಾದರಿಗಳು ಲಂಡನ್ ತಲುಪಿದ್ದವು. 1795ರಲ್ಲಿ ಜಾರ್ಜ್ ಪಿಯರ್ಸನ್ ರಾಯಲ್ ಸೊಸೈಟಿಗೆ ಅದರ ಕುರಿತು ಪ್ರಬಂಧ ಒಪ್ಪಿಸಿದ. ಅವನ ಕೋರಿಕೆಯಂತೆ ಜೇಮ್ಸ್ ಸ್ಟೋಡಾರ್ಟ್ ಎಂಬ ಚಾಕು ತಯಾರಕ ಆ ಉಕ್ಕನ್ನು ಕಾಯಿಸಿ ಬಡಿದು ಮಾಡಿಕೊಟ್ಟದ್ದು ಒಂದು ಪುಟ್ಟ ಲೇಖನಿ ಚಾಕುವನ್ನು. ಅದೇ ಸ್ಟೋಡಾರ್ಟ್ ಮುಂದೆ ಮೈಕೆಲ್ ಫ್ಯಾರಡೆಯ ಜೊತೆಗೂಡಿ ಮಿಶ್ರ ಉಕ್ಕುಗಳ ಪ್ರಯೋಗ ನಡೆಸಿದ.

ಅಮೆರಿಕದ ಮೊದಲ ತಲೆಮಾರಿನ ತಯಾರಕರು ಉಕ್ಕಿನ ಸರಳುಗಳನ್ನು ಶೆಫೀಲ್ಡ್‌ನಿಂದಲೇ ತರಿಸುತ್ತಿದ್ದರು. 1860ರ ದಶಕದಲ್ಲಿ ಪಿಟ್ಸ್‌ಬರ್ಗ್‌ನ ಮೂಸೆಗಳು ಕೈಗೂಡಿದ ಮೇಲೆ ಆ ಅವಲಂಬನೆ ಸಡಿಲವಾಯಿತು. ಹದ ಹಾಕುವ ಕ್ರಮ ಮಾತ್ರ ಎರಡೂ ಕಡೆ ಒಂದೇ. ಸುಮಾರು 800 ಡಿಗ್ರಿ ಸೆಲ್ಸಿಯಸ್ ಕಾವಿನಲ್ಲಿ ಅಲಗು ಕೆಂಪಗಾದಾಗ ಕಬ್ಬಿಣದ ಹರಳುಗಳು ತಮ್ಮ ಜೋಡಣೆಯನ್ನು ಬದಲಿಸಿ ಇಂಗಾಲಕ್ಕೆ ಎಡೆ ಮಾಡಿಕೊಡುತ್ತವೆ. ತಟ್ಟನೆ ನೀರಿಗೋ ಎಣ್ಣೆಗೋ ಅದ್ದಿದರೆ ಇಂಗಾಲಕ್ಕೆ ಹೊರಬರಲು ಸಮಯ ಸಿಗುವುದಿಲ್ಲ. ಒಳಗೇ ಸಿಕ್ಕಿಕೊಂಡು ಹರಳುಗಳನ್ನು ಬಿಗಿಯುತ್ತದೆ. ಈ ಉಕ್ಕು ಬಲು ಗಟ್ಟಿ, ಆದರೆ ಕೆಳಗೆ ಬಿದ್ದರೆ ಗಾಜಿನ ಹಾಗೆ ಮುರಿಯುತ್ತದೆ. ಅದಕ್ಕೇ ಮತ್ತೊಮ್ಮೆ ಹಗುರವಾಗಿ ಕಾಯಿಸಬೇಕು. ಸುಮಾರು 230 ಡಿಗ್ರಿಯಲ್ಲಿ ಉಜ್ಜಿದ ಉಕ್ಕಿನ ಮೇಲೆ ಒಣಹುಲ್ಲಿನ ಬಣ್ಣ ಮೂಡುತ್ತದೆ, ಇನ್ನೂ ಕಾಯಿಸಿದರೆ ಕಂದು, ನೇರಳೆ, 300ರ ಹತ್ತಿರ ನೀಲಿ. ಮೇಲ್ಮೈಯಲ್ಲಿ ಬೆಳೆಯುವ ಆಕ್ಸೈಡ್ ಪೊರೆ ದಪ್ಪವಾದಂತೆಲ್ಲ ಅದರಿಂದ ಮರಳುವ ಬೆಳಕಿನ ಬಣ್ಣ ಬದಲಾಗುತ್ತದೆ. ಥರ್ಮಾಮೀಟರ್ ಇಲ್ಲದ ಕುಲುಮೆಯಲ್ಲಿ ಕಾವಿನ ಲೆಕ್ಕ ಹೇಳುತ್ತಿದ್ದದ್ದು ಈ ಬಣ್ಣಗಳೇ. ಅಲಗಿಗೆ ಒಣಹುಲ್ಲಿನ ಬಣ್ಣ ಸಾಕು. ಬೆನ್ನಿನ ಸ್ಪ್ರಿಂಗ್ ಪಟ್ಟಿ ಬಾಗಿ ಬಾಗಿಯೂ ಮುರಿಯಬಾರದು, ಅದನ್ನು ನೀಲಿಯವರೆಗೆ ಒಯ್ಯಬೇಕು.

ಆ ಸ್ಪ್ರಿಂಗ್ ಬಗ್ಗೆ ಎರಡು ಮಾತು ಹೇಳಲೇಬೇಕು. ಹಳೆಯ ಜೇಬುಚಾಕುಗಳಲ್ಲಿ ಬಹುತೇಕವಕ್ಕೆ ಬೀಗವಿಲ್ಲ. ಅಲಗಿನ ಬುಡದ ಚಪ್ಪಟೆ ಮೈ ಸ್ಪ್ರಿಂಗ್ ಮೇಲೆ ಕೂತಾಗ ಅಲಗು ನಿಲ್ಲುತ್ತದೆ. ತಿರುಗಿಸಿದರೆ ಬುಡದ ಮೂಲೆ ಸ್ಪ್ರಿಂಗನ್ನು ಮೇಲೆತ್ತುತ್ತದೆ, ಮೂಲೆ ದಾಟಿದ ಕೂಡಲೇ ಸ್ಪ್ರಿಂಗ್ ಕೂಡಿಟ್ಟ ಶಕ್ತಿಯನ್ನು ಬಿಟ್ಟು ಅಲಗನ್ನು 'ಟಕ್' ಎಂದು ಎಳೆದುಕೊಳ್ಳುತ್ತದೆ. ಅನುಭವಿ ಸಂಗ್ರಾಹಕರು ಚಾಕುವನ್ನು ಕಣ್ಣಿಗಿಂತ ಮೊದಲು ಕಿವಿಯ ಹತ್ತಿರ ಹಿಡಿಯುವುದು ಈ ಸದ್ದಿಗಾಗಿ. ಪಟ್ಟಿಯ ಬಿಗಿ ಅದರ ದಪ್ಪದ ಘನಕ್ಕೆ ಅನುಗುಣ. ತುಕ್ಕು ಶೇ. 10ರಷ್ಟು ದಪ್ಪವನ್ನು ತಿಂದರೆ ಬಿಗಿ ಶೇ. 27ರಷ್ಟು ಇಳಿಯುತ್ತದೆ. ಸ್ಪ್ರಿಂಗ್‌ಗೆ ಸುಮ್ಮನೆ ವಯಸ್ಸಾಗಿ ಸುಸ್ತಾಗುವುದಿಲ್ಲ. ಸದ್ದು ಮಂಕಾಗಿದ್ದರೆ ಒಳಗೆ ತುಕ್ಕೋ ಸವೆತವೋ ಇದೆ ಎಂದು ತಿಳಿಯಬೇಕು.

ಹಿಡಿಗಳಲ್ಲಿ ಬಡವರ ಪಾಲಿಗೆ ಮರ ಮತ್ತು ದನದ ಮೊಣಕಾಲಿನ ಕೆಳಗಿನ ಮೂಳೆ, ಸಿರಿವಂತರಿಗೆ ಮುತ್ತಿನ ಚಿಪ್ಪು. ಮೂಳೆಯನ್ನು ಭೂತಗನ್ನಡಿಯಲ್ಲಿ ನೋಡಿದರೆ ಸಣ್ಣ ಕಪ್ಪು ಚುಕ್ಕೆ, ಗೀರುಗಳು ಕಾಣುತ್ತವೆ. ಪ್ರಾಣಿ ಬದುಕಿದ್ದಾಗ ರಕ್ತನಾಳಗಳು ಹಾದುಹೋಗಿದ್ದ ದಾರಿಗಳು ಅವು. 1960ರ ನಂತರ ಬಂದ ಡೆಲ್ರಿನ್ ಪ್ಲಾಸ್ಟಿಕ್ ಮೂಳೆಯನ್ನು ಎಷ್ಟೇ ಅನುಕರಿಸಿದರೂ ಈ ದಾರಿಗಳು ಅದರಲ್ಲಿ ಇರುವುದಿಲ್ಲ. ಕೊಂಬಿನ ಹಿಡಿಗಳಲ್ಲಿ ಮೇಲು ದರ್ಜೆಯದು ನಮ್ಮ ಕಡವೆಯದು. ಬಂಡೀಪುರ, ನಾಗರಹೊಳೆಗಳಲ್ಲಿ ನಾವು ಕಾಣುವ ಈ ಜಿಂಕೆಯ ಗಂಡು ತನ್ನ ಕೊಂಬನ್ನು ಉದುರಿಸಿ ಮತ್ತೆ ಬೆಳೆಸುತ್ತದೆ. ಅದರ ಕೊಂಬಿನಲ್ಲಿ ಗಟ್ಟಿ ಹೊರಪದರ ದಪ್ಪ, ಒಳಗಿನ ಮೆದು ತಿರುಳು ಕಡಿಮೆ. ತೆಳ್ಳಗೆ ಸೀಳಿದರೂ ಮೊಳೆ ಹೊಡೆಸಿಕೊಳ್ಳುತ್ತದೆ. ಭಾರತದ ಕಾಡುಗಳಿಂದ ಶೆಫೀಲ್ಡ್‌ಗೂ ಅಮೆರಿಕಕ್ಕೂ ಹೋದ ಈ ಕೊಂಬಿನ ರಫ್ತನ್ನು 1998ರಲ್ಲಿ ಭಾರತ ನಿಷೇಧಿಸಿತು. ಕಾಡಿಗೆ ಒಳ್ಳೆಯದೇ ಆಯಿತು. ಹಳೆಯ ಕಡವೆಕೊಂಬಿನ ಚಾಕುಗಳಿಗೆ ಬೇಡಿಕೆ ಬಂದದ್ದರಲ್ಲಿ ಅದರ ಪಾಲೂ ಇದೆ.

ಈಗ ಆ ಬಣ್ಣದ ಹಿಡಿಗೆ ಬರೋಣ. 1863ರಲ್ಲಿ ನ್ಯೂಯಾರ್ಕ್‌ನ ಬಿಲಿಯರ್ಡ್ಸ್ ಸಾಮಗ್ರಿಯ ಕಂಪನಿಯೊಂದು ದಂತದ ಚೆಂಡಿಗೆ ಬದಲಿ ವಸ್ತು ಕಂಡುಹಿಡಿದವರಿಗೆ 10,000 ಡಾಲರ್ ಬಹುಮಾನ ಸಾರಿತು. ಆ ಆಸೆಯಲ್ಲಿ ಪ್ರಯೋಗಕ್ಕಿಳಿದವನು ಆಲ್ಬನಿಯ ಮುದ್ರಣಕಾರ ಜಾನ್ ವೆಸ್ಲಿ ಹ್ಯಾಟ್. 1870ರಲ್ಲಿ ಅವನೂ ಅವನ ಅಣ್ಣನೂ ಪೇಟೆಂಟ್ ಪಡೆದ ವಸ್ತುವೇ ಸೆಲ್ಯುಲಾಯ್ಡ್. ಹತ್ತಿಯ ಸೆಲ್ಯುಲೋಸನ್ನು ನೈಟ್ರಿಕ್ ಆಮ್ಲದಿಂದ ಮಾರ್ಪಡಿಸಿ, ಕರ್ಪೂರ ಬೆರೆಸಿ, ಕಾವು ಮತ್ತು ಒತ್ತಡದಲ್ಲಿ ಅಚ್ಚು ಹಾಕಿದರೆ ಯಾವ ಬಣ್ಣ ಬೇಕಾದರೂ ಬರುತ್ತದೆ. ಆಮೆಚಿಪ್ಪು, ದಂತ, ಮುತ್ತಿನ ಚಿಪ್ಪು ಎಲ್ಲದರ ಅನುಕರಣೆ ಅಗ್ಗವಾಗಿ ಸಿಕ್ಕಿತು. ಚಾಕು ತಯಾರಕರು ಇದನ್ನು ಅಪ್ಪಿಕೊಂಡರು. 1920ರಲ್ಲಿ ಚಾಕು ವ್ಯಾಪಾರಕ್ಕಿಳಿದ ಬಂದೂಕಿನ ಕಂಪನಿ ರೆಮಿಂಗ್ಟನ್ ತನ್ನ ಸೆಲ್ಯುಲಾಯ್ಡ್‌ಗೆ ಪೈರೆಮೈಟ್ ಎಂಬ ಹೆಸರನ್ನೇ ಕೊಟ್ಟಿತು.

ಹೀಗೆ ಮಾರ್ಪಟ್ಟ ಸೆಲ್ಯುಲೋಸ್, ಅಂದರೆ ಸೆಲ್ಯುಲೋಸ್ ನೈಟ್ರೇಟ್, ಎಂದೂ ಪೂರ್ತಿ ಸ್ಥಿರವಲ್ಲ. ಹಳೆಯ ಸಿನಿಮಾ ರೀಲುಗಳು ಬೆಂಕಿಗೆ ಬಲಿಯಾದದ್ದು ಇದೇ ವಸ್ತುವಿನಿಂದ. ಬೆಳಕು, ಶಾಖ, ತೇವಗಳಿಂದ ನೈಟ್ರೇಟ್ ಕೊಂಡಿಗಳು ಒಂದೊಂದಾಗಿ ಕಳಚಿ ನೈಟ್ರೋಜನ್ ಆಕ್ಸೈಡ್ ಅನಿಲಗಳು ಹೊರಬೀಳುತ್ತವೆ. ಗಾಳಿಯ ತೇವ ಸೇರಿದರೆ ಅವು ನೈಟ್ರಿಕ್ ಆಮ್ಲವಾಗುತ್ತವೆ. ಆಮ್ಲ ಉಕ್ಕನ್ನು ತಿನ್ನುತ್ತದೆ, ಹಿತ್ತಾಳೆಯ ತಾಮ್ರವನ್ನು ಹಸಿರಾಗಿಸುತ್ತದೆ. ಸಾಲದ್ದಕ್ಕೆ ಹಿಂದಿರುಗಿ ಸೆಲ್ಯುಲಾಯ್ಡ್‌ನ ಇನ್ನಷ್ಟು ಕೊಂಡಿಗಳನ್ನೂ ಕಳಚುತ್ತದೆ. ಒಮ್ಮೆ ಶುರುವಾದ ಕೇಡು ತನ್ನನ್ನು ತಾನೇ ಬೆಳೆಸಿಕೊಂಡು ಹೋಗುವುದು ಹೀಗೆ. ಇತ್ತ ಕರ್ಪೂರ ಆವಿಯಾಗಿ ಹಿಡಿ ಕುಗ್ಗುತ್ತದೆ, ಮೊಳೆಗಳು ಮಾತ್ರ ಇದ್ದಲ್ಲೇ ಇರುತ್ತವೆ. ಆದ್ದರಿಂದ ಬಿರುಕು ಹೆಚ್ಚಾಗಿ ಮೊಳೆಯ ಬಳಿಯೇ ಏಳುತ್ತದೆ.

ಬೆಳಕು ಹಾಯುವ ಬಣ್ಣಗಳ ಹಿಡಿಗಳು ಬೇಗ ಕೆಡುತ್ತವೆ, ದಂತದಂಥ ಬಿಳಿ ಹಿಡಿಗಳು ಬಾಳುತ್ತವೆ. ಬಿಳುಪಿಗಾಗಿ ಬೆರೆಸಿದ ಜಿಂಕ್ ಆಕ್ಸೈಡ್ ಹುಟ್ಟಿದ ಆಮ್ಲವನ್ನು ಅಲ್ಲಲ್ಲೇ ಹೀರಿ ತಟಸ್ಥಗೊಳಿಸುವುದು ಇದಕ್ಕೆ ಒಂದು ಕಾರಣ. ಬಣ್ಣಕ್ಕೆಂದು ಹಾಕಿದ ಪುಡಿ ಚಾಕುವನ್ನೇ ಕಾಯುತ್ತಿದೆ! ಇಂಥ ಚಾಕುಗಳನ್ನು ಬೇರೆಯವುಗಳ ಜೊತೆ ಇಡಬಾರದು. ಗಾಳಿಯಾಡದ ಡಬ್ಬಿಯಲ್ಲಂತೂ ಇಡಲೇಬಾರದು, ಅನಿಲ ಒಳಗೇ ನಿಂತು ಕೆಲಸ ಮಾಡುತ್ತದೆ. ತಂಪಾದ, ಒಣ, ಗಾಳಿಯಾಡುವ, ಕತ್ತಲ ಜಾಗ ಬೇಕು. ಕರ್ಪೂರದ ವಾಸನೆಯ ಜೊತೆ ಹುಳಿ ಘಾಟು ಬಂದರೆ, ಮೈಯಲ್ಲಿ ನವಿರಾದ ಬಿರುಕಿನ ಬಲೆ ಕಂಡರೆ ಆ ಹಿಡಿಗೆ ಹೆಚ್ಚು ಆಯುಸ್ಸಿಲ್ಲ. ಸೆಲ್ಯುಲಾಯ್ಡ್ ಹೌದೋ ಅಲ್ಲವೋ ಎಂದು ಕಾದ ಸೂಜಿ ಚುಚ್ಚಿ ನೋಡುವ ಅಭ್ಯಾಸ ಕೆಲವರಿಗಿದೆ. ದಯವಿಟ್ಟು ಬೇಡ, ಅದು ಭಗ್ಗನೆ ಹೊತ್ತಿಕೊಳ್ಳುವ ವಸ್ತು.

ಹಳೆಯ ಅಲಗನ್ನು ಉಜ್ಜಿ ಫಳಫಳ ಮಾಡುವುದೂ ಅಷ್ಟೇ ದೊಡ್ಡ ಅನಾಹುತ. ಕೆಂಪು ತುಕ್ಕು ತಾನು ಹುಟ್ಟಿದ ಕಬ್ಬಿಣಕ್ಕಿಂತ ಹೆಚ್ಚು ಜಾಗ ಬೇಡುತ್ತದೆ, ಹಾಗಾಗಿ ಹೊಪ್ಪಳೆಯಾಗಿ ಉದುರಿ ಕೆಳಗಿನ ಲೋಹವನ್ನು ಮತ್ತೆ ಗಾಳಿಗೆ ಒಡ್ಡುತ್ತದೆ. ಅದನ್ನು ಎಣ್ಣೆ ಹಾಕಿ ಮೆಲ್ಲಗೆ ತೆಗೆಯಬೇಕು. ಹಣ್ಣು ತರಕಾರಿ ಕೊಯ್ದು ಕೊಯ್ದು ಬಂದ ಬೂದುಗಪ್ಪು ಪೊರೆಯ ಗುಣ ಬೇರೆ. ಅದು ಉಕ್ಕಿಗೆ ಬಿಗಿಯಾಗಿ ಅಂಟಿಕೊಂಡು ತಕ್ಕಮಟ್ಟಿಗೆ ರಕ್ಷಣೆಯನ್ನೂ ಕೊಡುತ್ತದೆ. ಅದನ್ನು ಕಿತ್ತರೆ ಅಲಗಿನ ಮೇಲೆ ಆಮ್ಲದಿಂದ ತೆಳ್ಳಗೆ ಮೂಡಿಸಿದ ತಯಾರಕರ ಬರಹವೂ ಹೋಗುತ್ತದೆ, ಚಾಕುವಿನ ಬೆಲೆಯೂ ಹೋಗುತ್ತದೆ. ಚರ್ಮದ ಚೀಲದಲ್ಲಿಟ್ಟರೆ ಚರ್ಮ ಹದಮಾಡಲು ಬಳಸಿದ ರಾಸಾಯನಿಕಗಳೂ ತೇವವೂ ಸೇರಿ ಅಲಗನ್ನು ಕೆಡಿಸುತ್ತವೆ.

ಅಷ್ಟೆಲ್ಲ ಕಾಪಾಡುವ ಚಾಕು ಅಸಲಿಯೋ ಎಂಬುದನ್ನು ಹೇಳುವುದು ಅಲಗಿನ ಬುಡದ ಮುದ್ರೆ. ಪೆನ್ಸಿಲ್ವೇನಿಯಾದ ಬ್ರಾಡ್‌ಫರ್ಡ್‌ನ ಕೇಸ್ ಕಂಪನಿ 1970ರ ಚಾಕುಗಳಿಗೆ ಮುದ್ರೆಯ ಕೆಳಗೆ ಹತ್ತು ಚುಕ್ಕೆ ಇಟ್ಟು, ವರ್ಷಕ್ಕೊಂದರಂತೆ ಕಡಿಮೆ ಮಾಡುತ್ತ ಹೋಯಿತು. ಆರು ಚುಕ್ಕೆ ಇದ್ದರೆ 1974. ಅದರ ಮಾದರಿ ಸಂಖ್ಯೆಯೂ ಮಾತಾಡುತ್ತದೆ. 6254 ಎಂದರೆ ಮೊದಲ 6 ಮೂಳೆಯ ಹಿಡಿ, 2 ಎಂದರೆ ಎರಡು ಅಲಗು, 54 ಟ್ರ್ಯಾಪರ್ ಎಂಬ ಮಾದರಿ. 5254 ಆದರೆ ಅದೇ ಚಾಕು, ಕೊಂಬಿನ ಹಿಡಿಯಲ್ಲಿ. ರೆಮಿಂಗ್ಟನ್‌ನಲ್ಲಿ ಹಿಡಿಯ ಗುಟ್ಟು ಕೊನೆಯ ಅಂಕಿಯಲ್ಲಿದೆ: 3 ಮೂಳೆ, 4 ಮುತ್ತಿನ ಚಿಪ್ಪು, 5 ಪೈರೆಮೈಟ್, 6 ಕೊಂಬು.

ನಕಲಿ ಮಾಡುವವರು ಅಗ್ಗದ ಹಳೆಯ ಚಾಕುವಿನ ಬುಡವನ್ನು ಸಾಣೆಗೆ ಕೊಟ್ಟು ಮೂಲ ಹೆಸರನ್ನು ಅಳಿಸಿ ರೆಮಿಂಗ್ಟನ್ ಎಂದು ಒತ್ತುತ್ತಾರೆ. ಬುಡ ಅಲಗಿನ ಪಕ್ಕದ ಭಾಗಕ್ಕಿಂತ ತೆಳ್ಳಗಾಗಿದ್ದರೆ ಅನುಮಾನಿಸಬೇಕು. ಭೂತಗನ್ನಡಿ ಹಿಡಿದು ತುಕ್ಕಿನ ಕುಳಿಗಳನ್ನು ನೋಡಬೇಕು: ಕುಳಿಗಳು ಅಕ್ಷರಗಳನ್ನು ತಿಂದಿದ್ದರೆ ಮುದ್ರೆ ತುಕ್ಕಿಗಿಂತ ಹಳೆಯದು, ಅಕ್ಷರಗಳು ಕುಳಿಗಳನ್ನು ತುಳಿದುಕೊಂಡು ಚೂಪಾಗಿ ನಿಂತಿದ್ದರೆ ಮುದ್ರೆ ಮೊನ್ನೆ ಬಿದ್ದದ್ದು. ಮುದ್ರೆ ಅಸಲಿಯೇ ಆಗಿದ್ದು, ಸಂಖ್ಯೆ 5ರಲ್ಲಿ ಮುಗಿದು, ಹಿಡಿಯಲ್ಲಿ ಮಾತ್ರ ರಕ್ತನಾಳದ ಚುಕ್ಕೆಗಳು ಕಂಡರೆ, ಕೆಟ್ಟುಹೋದ ಪೈರೆಮೈಟ್ ಕಿತ್ತು ಯಾರೋ ಮೂಳೆ ಕೂರಿಸಿದ್ದಾರೆ. ಅಲಗು ಅಸಲಿ, ಚಾಕು ಅರ್ಧ ಅಸಲಿ. ಮಾರುವವರು ಅದನ್ನು ಬಾಯಿಬಿಟ್ಟು ಹೇಳಬೇಕು, ಕೊಳ್ಳುವವರು ಬೆಲೆಯನ್ನು ಅದಕ್ಕೆ ತಕ್ಕಂತೆ ಕಟ್ಟಬೇಕು.