ಬೇಸಿಗೆಯಲ್ಲಿ ನೀರಡಿಸುವ ಬೀಟೆ

ಮಾರ್ಚ್ ತಿಂಗಳ ಮಧ್ಯಾಹ್ನ ಎಲೆಕ್ಟ್ರಿಕ್ ಗಿಟಾರನ್ನು ತೊಡೆಯ ಮೇಲಿಟ್ಟುಕೊಂಡು ಎಡಗೈಯನ್ನು ನೆಕ್‌ನ ಉದ್ದಕ್ಕೂ ಜಾರಿಸಿದರೆ ತೋರುಬೆರಳಿನ ಬುಡದಲ್ಲಿ ಏನೋ ತರಚಿದ ಹಾಗಾಗುತ್ತದೆ. ಜನವರಿಯಲ್ಲಿ ಹೀಗಿರಲಿಲ್ಲ. ಇನ್ನೊಮ್ಮೆ ಜಾರಿಸಿದರೆ ಗರಗಸದ ಹಲ್ಲಿನ ಮೇಲೆ ಕೈಯಾಡಿಸಿದಂತೆ ಅಡ್ಡಲಾಗಿ ಕೂರಿಸಿದ ಲೋಹದ ಪಟ್ಟಿಗಳ, ಅಂದರೆ ಒಂದೊಂದು ಫ್ರೆಟ್ಟಿನ ತುದಿಯೂ ಬೆರಳಿಗೆ ಸಿಗುತ್ತದೆ. ನನ್ನ ಮೊದಲ ಗಿಟಾರಿಗೆ ಹೀಗಾದಾಗ ಫ್ರೆಟ್ಟುಗಳೇ ಉದ್ದವಾಗಿವೆ ಎಂದುಕೊಂಡಿದ್ದೆ. ಗಿಟಾರ್ ರಿಪೇರಿಯವರ ಬಾಯಲ್ಲೂ ಇದರ ಹೆಸರು ಫ್ರೆಟ್ ಸ್ಪ್ರೌಟ್, ಅಂದರೆ ಮೊಳಕೆ. ನಿಜಕ್ಕೂ ಲೋಹ ಇದ್ದಷ್ಟೇ ಇದೆ, ಅದರ ಕೆಳಗಿನ ಮರ ಕುಗ್ಗಿದೆ.

ಎತ್ತಿನ ಗಾಡಿ ಕಟ್ಟಿದ ಮನೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬಿರುಬೇಸಿಗೆಯಲ್ಲಿ ಗಾಲಿಯ ಮರ ಒಣಗಿ ಸೊರಗುತ್ತದೆ, ಸುತ್ತಲಿನ ಕಬ್ಬಿಣದ ಹಳಿ ಸಡಿಲಾಗಿ ಗಡಗಡ ಎನ್ನುತ್ತದೆ. ಗಾಲಿಯನ್ನು ಹಳ್ಳದ ನೀರಿನಲ್ಲಿ ನೆನೆಯಲು ಬಿಟ್ಟರೆ ಮರ ಉಬ್ಬಿ ಹಳಿ ಮತ್ತೆ ಬಿಗಿಯಾಗುತ್ತದೆ. ಗಿಟಾರನ್ನು ಹಳ್ಳಕ್ಕೆ ಇಳಿಸುವಂತಿಲ್ಲ, ಆದರೆ ಅದರ ಕಾಯಿಲೆ ಇದೇ, ಮದ್ದೂ ಇದೇ.

ಆ ಮರ ನಮ್ಮದು ಎಂಬುದನ್ನು ತಿಳಿದ ದಿನದಿಂದ ನನಗೆ ಗಿಟಾರಿನ ಮೇಲಿನ ಅಕ್ಕರೆ ಇಮ್ಮಡಿಯಾಯಿತು. ಬೆರಳು ಓಡಾಡುವ ಕಪ್ಪು-ನೇರಳೆ ಬಣ್ಣದ ಫ್ರೆಟ್‌ಬೋರ್ಡ್ ಬಹಳಷ್ಟು ಗಿಟಾರುಗಳಲ್ಲಿ ಇಂಡಿಯನ್ ರೋಸ್‌ವುಡ್, ಅಂದರೆ ಬೀಟೆ. ಕೊಡಗು, ಮಲೆನಾಡು, ವಯನಾಡಿನ ಕಾಡುಗಳ ಮರ. ಮೈಸೂರಿನ ಕುಸುರಿಯವರು ಚಿತ್ರ ಕೆತ್ತಿ ಕೂರಿಸುವ ಅದೇ ಮರ. ಸ್ವಂತ ತೋಟದಲ್ಲಿ ಬೆಳೆದಿದ್ದರೂ ಅನುಮತಿಯಿಲ್ಲದೆ ಕಡಿಯುವಂತಿಲ್ಲದ ಮರ. ಅಮೆರಿಕದ ಫೆಂಡರ್ ಕಂಪನಿ 1950ರ ದಶಕದ ಮೊದಲ ವರ್ಷಗಳಲ್ಲಿ ಇಡೀ ನೆಕ್ಕನ್ನು ಮೇಪಲ್ ಮರದಲ್ಲೇ ಮಾಡಿ ಅದರೊಳಗೇ ಫ್ರೆಟ್ ಬಡಿಯುತ್ತಿತ್ತು. 1958ರ ಜಾಝ್‌ಮಾಸ್ಟರ್‌ನಿಂದ ರೋಸ್‌ವುಡ್ ಬಂತು. ಮೊದಲು ಬ್ರೆಜಿಲಿನದು, ಆಮೇಲೆ ನಮ್ಮದು. 1992ರಲ್ಲಿ ಬ್ರೆಜಿಲ್ ರೋಸ್‌ವುಡ್‌ನ ಅಂತರರಾಷ್ಟ್ರೀಯ ವ್ಯಾಪಾರಕ್ಕೆ ಅಳಿವಿನಂಚಿನ ಜೀವಿಗಳನ್ನು ಕಾಯುವ ಸೈಟಿಸ್ ಒಪ್ಪಂದ ಬಹುಮಟ್ಟಿಗೆ ಬಾಗಿಲು ಹಾಕಿದ ಮೇಲಂತೂ ಬೀಟೆಯ ಮೇಲಿನ ಭಾರ ಹೆಚ್ಚಿತು. ಮಳೆಕಾಡಿನ ಪಕ್ಕದಲ್ಲಿ ಬೆಳೆದ ಮರ ಕಲಬುರಗಿಯ ಏಪ್ರಿಲ್ಲಿಗೋ ಶಿಕಾಗೊದ ಜನವರಿಗೋ ಬಂದು ಸೇರಿದರೆ ಅದಕ್ಕೆ ಬಾಯಾರದೆ ಇನ್ನೇನು?

ಶಿಕಾಗೊದ ಮಾತು ಸುಮ್ಮನೆ ಬಂದದ್ದಲ್ಲ. ಅಲ್ಲಿನ ಚಳಿ ನಮ್ಮ ಬೇಸಿಗೆಗಿಂತ ಗಿಟಾರಿಗೆ ಕಠಿಣ. ಸೊನ್ನೆ ಡಿಗ್ರಿಯ ಗಾಳಿ ಎಷ್ಟೇ ತೇವವಿದ್ದರೂ ಅದನ್ನು ಮನೆಯೊಳಗೆ ಹೀಟರ್ ಹಾಕಿ 22 ಡಿಗ್ರಿಗೆ ಬಿಸಿ ಮಾಡಿದರೆ ಅದರ ಸಾಪೇಕ್ಷ ಆರ್ದ್ರತೆ ಶೇ 25ಕ್ಕೂ ಕೆಳಗಿಳಿಯುತ್ತದೆ. ಬೆಂಗಳೂರಿನ ಮಾರ್ಚ್ ಮಧ್ಯಾಹ್ನ ಶೇ 30ರ ಆಸುಪಾಸು. ಗಿಟಾರಿಗೆ ಹಿತವಾದದ್ದು ಶೇ 45ರಿಂದ 55. ದಿನವಿಡೀ ಏಸಿ ಓಡುವ ಕೋಣೆಯೂ ಮರದ ನೀರು ಕದಿಯುತ್ತದೆ.

ಮರದ ಕುಗ್ಗುವಿಕೆಗೆ ಒಂದು ನಿಯಮವಿದೆ. ಅದು ಅಗಲದಲ್ಲಿ ಕುಗ್ಗುತ್ತದೆ, ಉದ್ದದಲ್ಲಿ ಇಲ್ಲವೆನ್ನುವಷ್ಟು ಕಡಿಮೆ. ಫ್ರೆಟ್‌ಬೋರ್ಡಿನ ಅಗಲ ತಲೆಯ ಕಡೆಯ ನಟ್‌ನ ಬಳಿ ಸುಮಾರು 42 ಮಿಲಿಮೀಟರ್, ಕೊನೆಯಲ್ಲಿ 56ರ ಹತ್ತಿರ. ಒಣಹವೆಯಲ್ಲಿ ಇದರಿಂದ ಅರ್ಧ ಮಿಲಿಮೀಟರ್‌ನಷ್ಟು ಹೋದರೂ ಸಾಕು, ಎರಡೂ ಅಂಚಿನಲ್ಲಿ ಫ್ರೆಟ್ ಕೈಗೆ ತಾಗುತ್ತದೆ. ಉದ್ದ ಬದಲಾಗದ್ದರಿಂದ ಫ್ರೆಟ್ಟಿನಿಂದ ಫ್ರೆಟ್ಟಿಗಿರುವ ಅಂತರ ಹಾಗೇ ಉಳಿಯುತ್ತದೆ, ಸ್ವರಸ್ಥಾನ ಕೆಡುವುದಿಲ್ಲ. ನಮ್ಮ ವೀಣೆಗೆ ಈ ಮೊಳಕೆಯ ಕಾಟವೇ ಇಲ್ಲ. ಅದರ 24 ಮೆಟ್ಟಿಲುಗಳು ಮೇಣದ ಮೇಲೆ ಕೂತಿರುತ್ತವೆ, ಮರ ಸ್ವಲ್ಪ ಆಚೀಚೆಯಾದರೂ ಮೇಣ ತಡೆದುಕೊಳ್ಳುತ್ತದೆ. ವೀಣೆಗೆ ಬೇಸಿಗೆಯ ಭಯ ಬೇರೆ, ಮೇಣ ಮೆತ್ತಗಾಗುವುದು. ಗಿಟಾರಿನಲ್ಲಿ ಫ್ರೆಟ್ ತಂತಿಯ ಕೆಳಗಿನ ಮುಳ್ಳುಮುಳ್ಳಾದ ಕಾಲನ್ನು ಗರಗಸದಲ್ಲಿ ಕೊರೆದ ಸೀಳಿಗೆ ಬಡಿದು ಕೂರಿಸಿರುತ್ತಾರೆ. ಅದಕ್ಕೆ ಜರುಗುವ ಅವಕಾಶವಿಲ್ಲ.

ಇಲ್ಲೇ ಅವಸರ ಬೇಡ ಎನ್ನುವುದು. ಚೂಪಾದ ತುದಿ ಕಂಡೊಡನೆ ಕೈ ಅರಕ್ಕೆ ಹೋಗುತ್ತದೆ. ನನ್ನ ಗಿಟಾರನ್ನು ಏಪ್ರಿಲ್‌ನಲ್ಲಿ ಒಂದು ಅಂಗಡಿಗೆ ಕೊಟ್ಟಿದ್ದೆ. ಮರ ಎಷ್ಟು ಒಣಗಿದೆ ಎಂದು ನೋಡದೆ ತುದಿಗಳನ್ನೆಲ್ಲ ಇಳಿಜಾರಾಗಿ ಚೆನ್ನಾಗಿಯೇ ಉಜ್ಜಿ ಕೊಟ್ಟರು. ಮಳೆ ಹಿಡಿದ ಮೇಲೆ ಮರ ಉಬ್ಬಿತು, ಫ್ರೆಟ್ ತುದಿಗಳು ಅಂಚಿನಿಂದ ಒಳಗೆ ಉಳಿದವು. ಸಣ್ಣ ತಂತಿಯನ್ನು ಸ್ವಲ್ಪ ಎಳೆದು ನುಡಿಸಿದರೆ ಸಾಕು, ಅದು ಫ್ರೆಟ್ ಬಿಟ್ಟು ಅಂಚಿನಾಚೆ ಜಾರುತ್ತಿತ್ತು. ಉಜ್ಜಿದ ಲೋಹವನ್ನು ಮರಳಿ ತರುವ ಉಪಾಯವಿಲ್ಲ.

ಹಾಗಾಗಿ ಮೊದಲು ನೀರು. ಗೋಡೆಗೆ ನೇತುಹಾಕಿದ ಗಿಟಾರನ್ನು ಇಳಿಸಿ ಗಟ್ಟಿ ಕೇಸಿನಲ್ಲಿ ಮಲಗಿಸಬೇಕು. ಪ್ಲಾಸ್ಟಿಕ್ ಸೋಪಿನ ಡಬ್ಬಿಗೆ ತೂತು ಕೊರೆದು, ನೀರು ತೊಟ್ಟಿಕ್ಕದಂತೆ ಹಿಂಡಿದ ಸ್ಪಾಂಜನ್ನು ಒಳಗಿಟ್ಟು ನೆಕ್‌ನ ಪಕ್ಕ ಇಡುತ್ತೇನೆ. ಆರ್ದ್ರತೆಯನ್ನು ತಾವೇ ಹಿಡಿದಿಡುವ ಪೊಟ್ಟಣಗಳೂ ಮಾರುಕಟ್ಟೆಯಲ್ಲಿವೆ, ಖರ್ಚು ಹೆಚ್ಚು, ಗಮನ ಕಡಿಮೆ ಸಾಕು. ಜೊತೆಗೊಂದು ಪುಟ್ಟ ಹೈಗ್ರೋಮೀಟರ್ ಇರಲಿ. ಅದು ನಿಜ ಹೇಳುತ್ತದೆಯೇ ಎಂದು ಅಡುಗೆಮನೆಯಲ್ಲೇ ಪರೀಕ್ಷಿಸಬಹುದು: ಬಾಟಲಿ ಮುಚ್ಚಳದಲ್ಲಿ ಉಪ್ಪು ಹಾಕಿ, ಕರಗದಂತೆ ನಾಲ್ಕು ಹನಿ ನೀರಿನಲ್ಲಿ ಕಲಸಿ, ಗಾಳಿಯಾಡದ ಡಬ್ಬದಲ್ಲಿ ಮೀಟರಿನ ಜೊತೆ ರಾತ್ರಿಯಿಡೀ ಮುಚ್ಚಿಡಿ. ಬೆಳಗ್ಗೆ ಅದು 75 ತೋರಿಸಬೇಕು. ಎಷ್ಟು ತಪ್ಪಿದೆಯೋ ಅಷ್ಟನ್ನು ನೆನಪಿಟ್ಟುಕೊಂಡರಾಯಿತು. ಒಂದೆರಡು ವಾರದಲ್ಲಿ ಬಹುತೇಕ ಮೊಳಕೆಗಳು ತಾವಾಗಿ ಒಳಗೆ ಹೋಗುತ್ತವೆ.

ಎಣ್ಣೆ ಹಚ್ಚಿದರೆ ಮರದ ದಾಹ ಹೋಗುತ್ತದೆ ಎನ್ನುವವರಿದ್ದಾರೆ. ಎಣ್ಣೆ ನೀರಿನ ಕೆಲಸ ಮಾಡದು. ಬರಿಮೈಯ ಬೀಟೆಗೆ, ಎಬೊನಿಗೆ ವರ್ಷಕ್ಕೆ ಒಂದೆರಡು ಸಲ ಖನಿಜ ತೈಲದ ನಾಲ್ಕು ಹನಿ ಹಚ್ಚಿ ಒರೆಸಿದರೆ ಮೈ ಹೊಳಪಾಗುತ್ತದೆ, ಕೊಳೆ ಬಿಡುತ್ತದೆ, ಇರುವ ತೇವ ಹೋಗುವುದು ನಿಧಾನವಾಗುತ್ತದೆ. ತಲೆಗೆ ಹಚ್ಚುವ ಕೊಬ್ಬರಿ ಎಣ್ಣೆ ದಯವಿಟ್ಟು ಬೇಡ, ದಿನ ಹೋದಂತೆ ಜಿಡ್ಡುಗಟ್ಟುತ್ತದೆ. ವಾರ್ನಿಷ್ ಇರುವ ಮೇಪಲ್ ಫ್ರೆಟ್‌ಬೋರ್ಡಿಗೆ ಯಾವ ಎಣ್ಣೆಯೂ ಬೇಡ.

ಇನ್ನು ನೆಕ್‌ನ ಬಾಗು. ಸಾಮಾನ್ಯ ದಪ್ಪದ ಆರು ತಂತಿಗಳು ಸೇರಿ ಸುಮಾರು 45 ಕಿಲೋ ಎಳೆತ ಹಾಕುತ್ತವೆ, ಹಗಲೂ ರಾತ್ರಿ. ಅದನ್ನು ತಡೆಯಲು ನೆಕ್‌ನೊಳಗೆ ಒಂದು ಉಕ್ಕಿನ ಸರಳಿದೆ, ಟ್ರಸ್ ರಾಡ್. ಗಿಬ್ಸನ್ ಕಾರ್ಖಾನೆಯ ಥ್ಯಾಡಿಯಸ್ ಮೆಕ್‌ಹ್ಯೂ 1920ರ ದಶಕದ ಆರಂಭದಲ್ಲಿ ಇದಕ್ಕೆ ಪೇಟೆಂಟ್ ಪಡೆದ. ಹವೆ ಬದಲಾದಾಗ ಮರ-ಸರಳು-ತಂತಿಗಳ ಈ ಒಪ್ಪಂದ ಏರುಪೇರಾಗುತ್ತದೆ. ಯಾವ ನೆಕ್ ಯಾವ ಕಡೆಗೆ ಬಾಗುತ್ತದೆ ಎಂಬುದು ಆಯಾ ಮರದ ಗುಣ, ಆದ್ದರಿಂದ ಅಳೆಯದೆ ಸರಳನ್ನು ತಿರುಗಿಸಬಾರದು. ಮೊದಲ ಫ್ರೆಟ್ಟಿಗೆ ತಂತಿಗಳನ್ನು ಒತ್ತಿಹಿಡಿಯುವ ಕ್ಯಾಪೋ ಹಾಕಿ, ದಪ್ಪ ತಂತಿಯನ್ನು ಕೊನೆಯ ಫ್ರೆಟ್ಟಿನಲ್ಲಿ ಒತ್ತಿ, ಎಂಟನೆಯ ಫ್ರೆಟ್ಟಿನ ನೆತ್ತಿಗೂ ತಂತಿಗೂ ಎಷ್ಟು ಸಂದಿದೆ ನೋಡಿ. ಕಾಲು ಮಿಲಿಮೀಟರ್, ಎಂದರೆ ಎರಡೂವರೆ ಹಾಳೆ ಝೆರಾಕ್ಸ್ ಕಾಗದದಷ್ಟು ಇದ್ದರೆ ಸರಿ. ಸಂದಿಯೇ ಇಲ್ಲದೆ ತಂತಿ ಕೆಳಗಿನ ಫ್ರೆಟ್ಟುಗಳಲ್ಲಿ ಬಝ್ ಎನ್ನುತ್ತಿದ್ದರೆ ಸರಳನ್ನು ಸಡಿಲಿಸಬೇಕು, ಹೆಚ್ಚಿದ್ದರೆ ಬಿಗಿಯಬೇಕು. ಒಂದು ಸಲಕ್ಕೆ ಕಾಲು ಸುತ್ತು ಮಾತ್ರ. ತಿರುಗಿಸಿ, ಮತ್ತೆ ಶ್ರುತಿ ಮಾಡಿ, ರಾತ್ರಿ ಬಿಟ್ಟು ಬೆಳಗ್ಗೆ ಅಳೆಯಬೇಕು.

ತೇವ ಕೊಟ್ಟ ಮೇಲೂ ಅಲ್ಲೊಂದು ಇಲ್ಲೊಂದು ತುದಿ ಚುಚ್ಚುತ್ತಿದ್ದರೆ ಆಗ ಅರ. ಕೆಲಸ ಬಲ್ಲವರು ಮಾಡುವುದನ್ನು ಪಕ್ಕದಲ್ಲಿ ಕೂತು ನೋಡುವುದೇ ಒಂದು ಸುಖ. ಫ್ರೆಟ್ಟಿನ ಎರಡೂ ಬದಿಗೆ ಕಾಗದದ ಟೇಪು ಅಂಟಿಸುತ್ತಾರೆ. ಪಿಕಪ್‌ಗಳ ಮೇಲೂ ಟೇಪು, ಏಕೆಂದರೆ ಅವುಗಳೊಳಗೆ ಅಯಸ್ಕಾಂತವಿದೆ. ಹೊಳಪು ಕೊಡುವ ಸ್ಟೀಲ್ ವೂಲ್‌ನ ಪುಡಿ ಒಮ್ಮೆ ಅಂಟಿಕೊಂಡರೆ ಬಿಡಿಸುವುದು ಪ್ರಯಾಸ. ಆಮೇಲೆ ಅಂಚು ನುಣುಪಾದ ಸಣ್ಣ ಮುಮ್ಮೂಲೆ ಅರದಿಂದ ತುದಿಯ ಒಂದು ಮೂಲೆಗೆ ಮೂರು ಎಳೆತ, ಇನ್ನೊಂದಕ್ಕೆ ಮೂರು. ಪ್ರತಿ ಎಳೆತದ ನಂತರ ಹೆಬ್ಬೆರಳಿನಿಂದ ಸವರಿ ನೋಡುತ್ತಾರೆ. ಫ್ರೆಟ್ಟಿನ ಲೋಹಕ್ಕೆ ನಿಕಲ್ ಸಿಲ್ವರ್ ಎಂದು ಹೆಸರಾದರೂ ಅದರಲ್ಲಿ ಬೆಳ್ಳಿಯಿಲ್ಲ, ತಾಮ್ರ, ನಿಕಲ್, ಸತುವು ಅಷ್ಟೇ. ಅರಕ್ಕೆ ಮೆತ್ತಗೆ ಬಗ್ಗುತ್ತದೆ, ಆದ್ದರಿಂದಲೇ ಹೆಚ್ಚು ಹೋಗಿಬಿಡುವ ಅಪಾಯ.

ಜೂನ್ ಮೊದಲ ವಾರ, ಮೀಟರು 65 ದಾಟಿದ ದಿನ, ಸೋಪಿನ ಡಬ್ಬಿಯನ್ನು ಕೇಸಿನಿಂದ ತೆಗೆದು ಸ್ಪಾಂಜನ್ನು ಕಿಟಕಿಯಲ್ಲಿ ಒಣಗಲು ಇಡುತ್ತೇನೆ. ಹೊರಗೆ ಮಳೆ ಸುರಿಯುತ್ತಿರುವಾಗ ಕ್ಯಾಪೋ ಹಾಕಿ ಎಂಟನೆಯ ಫ್ರೆಟ್ಟಿನ ಸಂದಿಯನ್ನು ಮತ್ತೆ ಅಳೆಯುತ್ತೇನೆ.